ದೊರಸಾನಿ ಬೋಗುಣಿ

ಜನವರಿ ೧೯, ರವಿವಾರ
ರಾಣೆಬೆನ್ನೂರು

ಹೆದರಿಕೆಯನ್ನು ಯಾರಿಗೂ ಹೇಳಲು ಆಗದಿದ್ದರೆ ಬರೆದಿಡಿ ಎಂದರು ಡಾ. ಸುಶ್ಮಿತಾ. ಅದಕ್ಕೇ ಈ ಡೈರಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸುರಾಗಿದ್ದೇನೆ, ನಾಲ್ಕು ತಿಂಗಳು. ವಯಸ್ಸು ಮೂವತ್ತಾರು. ಮೆಟ್ಟಿಲಿಳಿಯಲು ಹೆದರಿಕೆ, ಹಾವೇರಿ ಬಸ್ಸು ಹತ್ತಲು ಹೆದರಿಕೆ, ಜೋರಾಗಿ ಸೀನಲೂ ಹೆದರಿಕೆ. ಕಾಲೇಜಿನಲ್ಲಿ ಹುಡುಗರ ಮುಂದೆ ಯುದ್ಧಗಳ ಇತಿಹಾಸ ಪಾಠ ಮಾಡುವ ಪುಷ್ಪಲತಾ ಮೇಡಂ ಇವಳೇ ಎಂದರೆ ಯಾರೂ ನಂಬಲಿಕ್ಕಿಲ್ಲ.

ಆದರೆ ಇವತ್ತು ಖುಷಿಯೂ ಆಗಿದೆ. ಇಲಿ ಓಡಿಸಲು ಅಟ್ಟ ಹತ್ತಿದ ನನ್ನ ಗಂಡ ಯಲ್ಲೇಶ, "ಪುಷ್ಪಾ, ಇಲ್ಲಿ ನೋಡ, ನಿನ್ನ ಪಿಎಚ್‌.ಡಿ. ಇಲ್ಲೇ ಮಕ್ಕೊಂಡೈತಿ" ಎಂದು ಕೂಗಿದ. ಕಪ್ಪುಗಂದು ಬಣ್ಣದ ಅಗಲ ಬಾಯಿಯ ಮಣ್ಣಿನ ಬೋಗುಣಿ. ಒಳಗೆ ಗಾಜಿನಂಥ ಹೊಳಪು, ಅಂಚಿಗೆ ಬಿಳಿ ಚುಕ್ಕೆಗಳು, ನಡುವೆ ಕೆಂಪು ಹೂವು, ಅದರ ಕೆಳಗೆ ೧೮೭೬ ಎಂಬ ಇಸವಿ. ನೋಡಿದ ತಕ್ಷಣ ಗೊತ್ತಾಯಿತು. ಸ್ವಿಟ್ಜರ್ಲೆಂಡಿನ ಹೈಂಬರ್ಗ್ ಊರಿನ ಕುಂಬಾರರು ಹಸುವಿನ ಕೊಂಬಿಗೆ ಬಣ್ಣದ ಮಣ್ಣು ತುಂಬಿ, ಹನಿಹನಿಯಾಗಿ ಬಿಟ್ಟು ಇಂಥ ಹೂವು ಬರೆಯುತ್ತಿದ್ದರು. ಯಲ್ಲೇಶನ ಮುತ್ತಜ್ಜಿ ಹುಬ್ಬಳ್ಳಿಯಲ್ಲಿ ಮಿಶನ್ನಿನವರ ಮನೆಯಲ್ಲಿ ಕೂಸು ಆಡಿಸುವ ಕೆಲಸಕ್ಕಿದ್ದಳಂತೆ. ದೊರಸಾನಿ ತನ್ನ ದೇಶಕ್ಕೆ ಹೊರಟಾಗ ಇದನ್ನು ಕೊಟ್ಟು ಹೋದಳಂತೆ. ಹಾಗಾಗಿ ಮನೆಯಲ್ಲಿ ಇದರ ಹೆಸರು ದೊರಸಾನಿ ಬೋಗುಣಿ.

ಮಿಶನ್ನಿನವರ ಜೊತೆ ನಮ್ಮ ಕಡೆ ಬಂದ ಸ್ವಿಸ್ ಮಣ್ಣಿನ ಪಾತ್ರೆಗಳೇ ನನ್ನ ಸಂಶೋಧನೆಯ ವಿಷಯ. ನಾಲ್ಕು ವರ್ಷ ಅಲೆದು ಸಿಕ್ಕಿದ್ದು ಬರೀ ಚೂರುಗಳು. ಇಡೀ ಪಾತ್ರೆ ನನ್ನ ತಲೆಯ ಮೇಲೇ ಕೂತಿತ್ತು, ಅತ್ತೆ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ! ಎಂಥ ಸಿಟ್ಟು ಬಂತು, ಆದರೂ ನುಂಗಿಕೊಂಡೆ.

ಬರ್ನ್ ನಗರದ ಡಾ. ವೆರೆನಾ ಲೋಕದಲ್ಲೆಲ್ಲ ಚದುರಿಹೋದ ಸ್ವಿಸ್ ಪಾತ್ರೆಗಳ ಪಟ್ಟಿ ಮಾಡುತ್ತಿದ್ದಾರೆ. ಅವರ ಫಾರ್ಮಿನಲ್ಲಿ ಹದಿನಾಲ್ಕು ಕಾಲಂ. ಅತ್ತೆಯನ್ನು ಕೂರಿಸಿಕೊಂಡು ತುಂಬಿದೆ. ಮಾಹಿತಿ ನೀಡಿದವರು: ಕರಿಯವ್ವ, ೬೭, ಅನಕ್ಷರಸ್ಥೆ. ಏನು ಇಡುತ್ತಿದ್ದರು: ರಂಜಕ, ಎಂದರೆ ಹಸಿ ಕೆಂಪು ಮೆಣಸಿನಕಾಯಿ ಕುಟ್ಟಿ, ಲಿಂಬೆಹುಳಿ ಹಿಂಡಿ ಮಾಡಿದ ಖಾರ. ಹನ್ನೊಂದನೇ ಕಾಲಂ: ಬಳಕೆ ನಿಲ್ಲಿಸಿದ ಕಾರಣ. ಅದನ್ನು ಕೇಳಿದಾಗ ಅತ್ತೆ ನನ್ನ ಹೊಟ್ಟೆಯ ಕಡೆ ನೋಡಿದರು. "ಈಗ್ಯಾಕವ್ವಾ ಆ ಮಾತು" ಎಂದು ಎದ್ದುಹೋದರು. ಇಂಥವರಿಂದ ನೆಟ್ಟಗೆ ಒಂದು ಉತ್ತರ ಹೊರಡಿಸುವುದೇ ಕಷ್ಟ. "ಸ್ಟೀಲ್ ಪಾತ್ರೆ ಬಂದ ಮೇಲೆ" ಎಂದು ನಾನೇ ಬರೆದೆ. ಎಲ್ಲ ಮನೆಯಲ್ಲೂ ಆಗಿದ್ದು ಅದೇ ತಾನೆ.

ಜನವರಿ ೨೬, ರವಿವಾರ

ವೆರೆನಾ ಖುಷಿಯಿಂದ ಉತ್ತರ ಬರೆದಿದ್ದಾರೆ. ಹೈಂಬರ್ಗಿನದೇ, ಅನುಮಾನವಿಲ್ಲ. ಆಗ ನನ್ನ ತಲೆಗೆ ಹೊಳೆಯಿತು: ಬಳಕೆಯಲ್ಲಿರುವ ಸ್ವಿಸ್ ಪಾತ್ರೆಯ ಫೋಟೋ ನಮ್ಮ ದೇಶದಲ್ಲಿ ಯಾರ ಹತ್ತಿರ ಇದ್ದೀತು? ಬೋಗುಣಿಯಲ್ಲಿ ಮತ್ತೆ ರಂಜಕ ತುಂಬಬೇಕು, ಖಾರ ಮುಗಿಯುವವರೆಗೆ ವಾರಕ್ಕೊಂದು ಫೋಟೋ ತೆಗೆಯಬೇಕು.

"ಬ್ಯಾಡ ಬಿಡವ್ವಾ, ಗಾಜಿನ ಬಾಟಲಿ ಅದಾವಲ್ಲ" ಅಂದರು ಅತ್ತೆ.

"ಅತ್ತೀ, ಇದು ನನ್ನ ಓದಿನ ಕೆಲಸರಿ. ಪಿಎಚ್‌.ಡಿ. ಆಗಲಿಲ್ಲ ಅಂದ್ರ ಕಾಲೇಜಿನವ್ರು ನನ್ನ ಮನಿಗೆ ಕಳಸ್ತಾರ."

ಅವರು ಬೋಗುಣಿಯನ್ನು ಸೆರಗಿನಿಂದ ಒರೆಸಿದರು. ಆಮೇಲೆ, "ಆತು. ಆದ್ರ ಬಡಿಸಾಕಿ ನಾನ. ನೀ ಆ ಬೋಗುಣಿಗೆ ಕೈ ಹಚ್ಚಂಗಿಲ್ಲ" ಅಂದರು. ನಾನು ಒಡೆದುಬಿಟ್ಟೇನೆಂಬ ಭಯವಿರಬೇಕು. ಯಲ್ಲೇಶ ಬ್ಯಾಡಗಿಯಿಂದ ಎರಡು ಚೀಲ ಹಸಿ ಕೆಂಪು ಮೆಣಸಿನಕಾಯಿ ತಂದಿದ್ದ. ಅಲ್ಲಿ ಕೋಲ್ಡ್ ಸ್ಟೋರೇಜಿನಲ್ಲಿ ಅವನ ಕೆಲಸ. ಸುಗ್ಗಿ ಮುಗಿಯುವವರೆಗೆ ಅಲ್ಲೇ ಇರುತ್ತಾನೆ, ಮನೆಗೆ ಬರುವುದು ರವಿವಾರ ಮಾತ್ರ. ಅತ್ತೆ ಒಬ್ಬರೇ ಕುಟ್ಟಿ ಬೋಗುಣಿ ತುಂಬಿದರು, ಉಳಿದದ್ದನ್ನು ಗಾಜಿನ ಬಾಟಲಿಗೆ ಹಾಕಿದರು. ಇಡೀ ಓಣಿ ಸೀನಿತು. ಕೆಂಪು ಹೂವಿನ ಮೇಲೆ ಕೆಂಪು ಖಾರ. ಫೋಟೋ ಎಷ್ಟು ಚಂದ ಬಂದಿದೆ!

ಫೆಬ್ರವರಿ ೧೦, ಸೋಮವಾರ

ನಿನ್ನೆ ಫೋಟೋ ತೆಗೆಯುವಾಗ ಅತ್ತೆ ತಮ್ಮಷ್ಟಕ್ಕೇ ಅಂದರು: "ಹದಿನೈದು ದಿನಕ್ಕ ಇದರಾಗಿನ ಖಾರ ಸಿಹಿ ಆಕ್ಕೈತಿ. ಹಿಂದಕೂ ಹಂಗ." ನನ್ನ ಕಿವಿ ನೆಟ್ಟಗಾಯಿತು. ಖಾರ ಸಿಹಿಯಾಗುವ ಬೋಗುಣಿ! ಇದಕ್ಕಿಂತ ಒಳ್ಳೆಯ ಮೌಖಿಕ ಮಾಹಿತಿ ಯಾವ ಸಂಶೋಧಕಿಗೆ ಸಿಕ್ಕೀತು? "ನನಗೂ ಒಂಚೂರು ಕೊಡ್ರಿ" ಎಂದು ಹಿಂದೆ ಬಿದ್ದೆ. "ನಾಳೆ ಊಟಕ್ಕ ಬಡಸ್ತೇನಿ" ಅಂದರು.

ಇವತ್ತು ಅಡುಗೆಮನೆಯಿಂದ ತಂದು ರೊಟ್ಟಿಯ ಪಕ್ಕಕ್ಕೆ ಬಡಿಸಿದರು. ಖರೇ! ಮೊದಲು ಖಾರ, ಆಮೇಲೆ ನಾಲಿಗೆಯ ತುದಿಯಲ್ಲಿ ಸಣ್ಣಗೆ ಸಿಹಿ. ಬೋಗುಣಿಯ ಬಗ್ಗೆ ವೆರೆನಾ ಅವರಿಗೆ ಬರೆಯುತ್ತಿರುವ ಪ್ರಬಂಧಕ್ಕೆ ಇದೇ ಮೊದಲ ಸಾಲು.

ಫೆಬ್ರವರಿ ೨೩, ರವಿವಾರ

ಕೂಸು ಮಿಸುಕಿತು. ಬೆಳಿಗ್ಗೆ ಹತ್ತೂವರೆಗೆ. ನಾನು ಹೆದರಿ ನಿಂತಲ್ಲೇ ನಿಂತೆ. ಅತ್ತೆ ನಗುತ್ತ ನನ್ನ ಹಣೆಗೆ ವಿಭೂತಿ ಹಚ್ಚಿದರು.

ಈ ವಾರದ ಫೋಟೋದಲ್ಲಿ ಖಾರ ಹೋದ ವಾರದಷ್ಟು ಇಳಿದಂತೆ ಕಾಣುವುದಿಲ್ಲ. "ಇನ್ನಷ್ಟು ಖರ್ಚು ಮಾಡ್ರಿ ಅತ್ತೀ" ಎಂದು ಗೊಣಗಿದೆ. "ತಿಂತೇನಿ ತಗೋ, ಅದಕ್ಯಾಕ ಮಾರಿ ಸಣ್ಣದು ಮಾಡ್ತಿ" ಅಂದರು. ಅವರಿಗೆ ಎರಡು ದಿನದಿಂದ ಹೊಟ್ಟೆನೋವು, ಅಜವಾನ ಅಗಿಯುತ್ತಿದ್ದಾರೆ. ವಯಸ್ಸು.

ಫೆಬ್ರವರಿ ೨೮, ಶುಕ್ರವಾರ

ಪ್ರಬಂಧ ವೆರೆನಾ ಅವರಿಗೆ ಕಳಿಸಿದೆ. ಐದು ಫೋಟೋ, ಸಿಹಿ ಖಾರದ ಸಂಗತಿ, ಎಲ್ಲ. ಇವತ್ತು ಹೆದರಿಕೆ ಇಲ್ಲ.

ಮಾರ್ಚ್ ೬, ಗುರುವಾರ
ಹಾವೇರಿ, ಕಾಲೇಜು

ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ಅಕ್ಷರ ನನಗೇ ಗುರುತು ಸಿಗುತ್ತಿಲ್ಲ.

ವೆರೆನಾ ಅವರ ಮೇಲ್ ಬಂದಿದೆ. ಪ್ರಬಂಧದ ಬಗ್ಗೆ ಒಂದು ಮಾತಿಲ್ಲ. "ಪ್ರಿಯ ಪುಷ್ಪಲತಾ, ಇದನ್ನು ಓದಿದ ತಕ್ಷಣ ಆ ಬೋಗುಣಿಯ ಖಾರ ತಿನ್ನುವುದನ್ನು ನಿಲ್ಲಿಸಿ. ಅದರ ಹೊಳಪು ಸೀಸದ್ದು. ನಮ್ಮಲ್ಲಿ ಅದು ಹಾಲು ಇಡುವ ಪಾತ್ರೆ. ಹುಳಿ ತಾಗಿದರೆ ಸೀಸ ಕರಗಿ ಆಹಾರಕ್ಕೆ ಇಳಿಯುತ್ತದೆ. ನೀವು ಬರೆದ ಆ ಸಿಹಿ ಸೀಸದ್ದೇ ಇರಬೇಕೆಂದು ನನಗೆ ಭಯ. ಮನೆಯಲ್ಲಿ ಮಕ್ಕಳು, ಬಸುರಿಯರು ಯಾರೂ ಇಲ್ಲವಷ್ಟೆ?"

ನಾನು ಬಸುರಿ ಎಂದು ಅವರಿಗೆ ಬರೆದಿಲ್ಲ.

ಸೀಸ ತಾಯಿಯ ರಕ್ತದಿಂದ ಕೂಸಿಗೆ ಹೋಗುತ್ತದಂತೆ. ತಡೆಯಲು ನಡುವೆ ಏನೂ ಇಲ್ಲವಂತೆ. ಮಿದುಳಿಗೆ ಹೋಗುತ್ತದಂತೆ. ಕೂಸು ನಿಲ್ಲದೆಯೂ ಹೋಗಬಹುದಂತೆ. ಹೆಚ್ಚುಕಡಿಮೆ ನಾಲ್ಕು ವಾರ, ದಿನಕ್ಕೆ ಎರಡು ಊಟ, ನಾನೇ ಕೇಳಿ ಹಾಕಿಸಿಕೊಂಡು ತಿಂದಿದ್ದೇನೆ. ನನ್ನ ಎರಡನೇ ಅಧ್ಯಾಯದಲ್ಲಿ "ಸೀಸದ ಲೇಪ" ಎಂದು ಎಷ್ಟು ಸಲ ಇದೆ ಎಂದು ಈಗ ಎಣಿಸಿದೆ. ಹದಿನೇಳು ಸಲ. ಬರೆದವಳು ನಾನೇ. ಅದರಲ್ಲಿ ಹುಳಿ ಇಡಬಾರದೆಂದು ಒಂದು ಸಲವೂ ಹೊಳೆಯಲಿಲ್ಲವಲ್ಲ, ಎಂಥ ದಡ್ಡಿ ನಾನು, ಎಂಥ ದಡ್ಡಿ.

ಗಂಟೆ ಹೊಡೆಯಿತು. ಬಿ.ಎ. ಎರಡನೇ ವರ್ಷದವರಿಗೆ ಕ್ಲಾಸಿದೆ.

ಮಾರ್ಚ್ ೭, ಶುಕ್ರವಾರ

ಅತ್ತೆ ನೀರು ತುಂಬಲು ಹೋದಾಗ ಖಾರವನ್ನೆಲ್ಲ ತೆಗೆದು ಚೀಲದಲ್ಲಿ ಕಟ್ಟಿ ಎಸೆದೆ. ತಳದಲ್ಲಿ ನಾಲ್ಕು ಬೆರಳಷ್ಟೇ ಉಳಿದಿತ್ತು. ಬೋಗುಣಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. "ಬೂಷ್ಟು ಹಿಡಿದಿತ್ರಿ, ಚೆಲ್ಲಿದೆ" ಎಂದು ಸುಳ್ಳು ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಛಲೋ ಆತು ಬಿಡು" ಅಂದರು.

ಹೇಗೆ ಹೇಳಲಿ? ನೀವು ಪ್ರೀತಿಯಿಂದ ಬಡಿಸಿದ್ದು ವಿಷ ಎಂದು ಹೇಳಲೇ? ಬಡಿಸಲು ಹಚ್ಚಿದವಳು ನಾನು.

ಮಾರ್ಚ್ ೮, ಶನಿವಾರ

ಡಾ. ಸುಶ್ಮಿತಾ ಬೈಯಲಿಲ್ಲ, ಅದಕ್ಕೇ ಇನ್ನೂ ಹೆದರಿಕೆಯಾಯಿತು. ಪೆನ್ನಿನ ಮುಚ್ಚಳ ಹಾಕಿ ಕೇಳಿದರು: "ಆ ಖಾರ ಮನ್ಯಾಗ ಮತ್ಯಾರು ತಿಂದಾರ?"

"ಅತ್ತಿ."

"ಅವರದೂ ರಕ್ತ ಕೊಡ್ರಿ."

ಅಷ್ಟರವರೆಗೆ ಅತ್ತೆಯ ನೆನಪೇ ನನಗೆ ಬಂದಿರಲಿಲ್ಲ ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಸಕ್ಕರೆ ಪರೀಕ್ಷೆ ಎಂದು ಹೇಳಿ ಕರೆತಂದೆ. ರಕ್ತ ತೆಗೆದವನು ಲ್ಯಾಬಿನ ಹಜರತಅಲಿ. "ಅಜ್ಜೀ, ನಿಮ್ಮ ರಕ್ತ ಬ್ಯಾಡಗಿ ಮೆಣಸಿನಕಾಯಿಕಿಂತ ಕೆಂಪ ಐತಲ್ರಿ!" ಎಂದು ಚೇಷ್ಟೆ ಮಾಡಿದ. "ತಿಂದಿದ್ದು ಎಲ್ಲಿ ಹೋಗಬೇಕಪಾ" ಅಂದರು ಅತ್ತೆ. ನಾನು ಬಿಲ್ಲು ಕಟ್ಟಲು ಎದ್ದುಹೋದೆ. ಸೀಸದ ಪರೀಕ್ಷೆ ಇಲ್ಲಿ ಆಗುವುದಿಲ್ಲ, ರಕ್ತ ಬೆಂಗಳೂರಿಗೆ ಹೋಗಬೇಕು. ಒಂದು ವಾರ.

ಮಾರ್ಚ್ ೯, ರವಿವಾರ

ಬೆಳಿಗ್ಗೆಯಿಂದ ಎಂಟು ಸಲ ಮಿಸುಕಿದೆ. ನಿನ್ನೆ ಹನ್ನೊಂದು. ಯಲ್ಲೇಶ ಬರಲಿಲ್ಲ, ಮಾಲು ಬಹಳ ಬಂದಿದೆಯಂತೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಮಾರ್ಚ್ ೧೦, ಸೋಮವಾರ
ಬ್ಯಾಡಗಿ

ಕಾಲೇಜಿಗೆ ರಜೆ ಹಾಕಿ ಬ್ಯಾಡಗಿಗೆ ಬಂದೆ. ಮಾರುಕಟ್ಟೆಯ ದಿನ. ಬಸ್‌ಸ್ಟ್ಯಾಂಡಿಗೇ ಘಾಟು. ಸೀನಿದರೆ ಕೂಸಿಗೆ ಏನಾಗುತ್ತದೋ ಎಂದು ಸೆರಗು ಮೂಗಿಗೆ ಒತ್ತಿಕೊಂಡು ಕೋಲ್ಡ್ ಸ್ಟೋರೇಜಿನವರೆಗೆ ನಡೆದೆ. ಯಲ್ಲೇಶ ಕಂಬಳಿ ಹೊದ್ದು ಒಳಗಿನಿಂದ ಬಂದ. ಚೀಲಗಳ ಮೇಲೆ ಕೂತು ಎಲ್ಲ ಹೇಳಿದೆ. ಅವನು ಕಂಬಳಿಯ ಎಳೆ ಕೀಳುತ್ತ ಕೂತ.

"ಅವ್ವಗ ಹೇಳಬ್ಯಾಡ" ಅಂದ.

"ಯಾಕ?"

"ನನ್ನಕಿಂತ ಮೊದಲ ಆಕೀಗೆ ಮೂರು ಹೋಗ್ಯಾವ. ನಾ ಒಬ್ಬನ ಉಳದಾಂವ. ಅವ್ವನ ತವರು ಮೇಡ್ಲೇರಿಯೊಳಗ ನಮ್ಮಜ್ಜಿ ಹೇಳಿದ್ದು. ಅವ್ವ ಯಾವತ್ತೂ ಆ ಮಾತು ಆಡಂಗಿಲ್ಲ. ಆ ಬೋಗುಣಿ ಆವಾಗ ಅಡಿಗಿಮನ್ಯಾಗ ಇತ್ತು, ಪುಷ್ಪಾ."

ಸುತ್ತ ಅಷ್ಟು ಮೆಣಸಿನಕಾಯಿ, ಅಷ್ಟು ಘಾಟು. ನನಗೆ ಮಾತ್ರ ಮೈಯೆಲ್ಲ ಚಳಿ. ಮೂರು ಕೂಸು. ಅದೇ ಬೋಗುಣಿ. ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದೇನೆ, ಆಕೆಗೆ ಮೂರು ಕೂಸು ಹೋಗಿದ್ದು ನನಗೆ ಗೊತ್ತಿಲ್ಲ. ಹದಿನಾಲ್ಕು ಕಾಲಂ ತುಂಬಿದ್ದೇನೆ.

ಬಸ್ಸಿನಲ್ಲಿ ವಾಪಸು ಬರುವಾಗ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತವಳು "ಖಾರ ಹತ್ತೇತೇನ್ರಿ ಅಕ್ಕಾರ" ಎಂದು ನೀರು ಕೊಟ್ಟಳು.

ಮಾರ್ಚ್ ೧೩, ಗುರುವಾರ

ಮಧ್ಯಾಹ್ನದಿಂದ ಮಿಸುಕಿಲ್ಲ.

ಸಂಜೆ ಐದಕ್ಕೆ ಒದೆಯಿತು. ಎರಡು ಸಲ. ದೇವರೇ.

ನನ್ನ ಮುಖ ನೋಡಿ ಅತ್ತೆ ಹಾಲು ಕಾಸಿ ತಂದಳು. ಲೋಟ ಹಿಡಿದ ಕೈ ನಡುಗುತ್ತಿತ್ತು, ನನ್ನದಲ್ಲ, ಆಕೆಯದು. ಮುಂಗೈ ಜೋಮು ಹಿಡಿದಿದೆಯಂತೆ, ವಾರದಿಂದ. ರೊಟ್ಟಿ ತಟ್ಟಲು ಆಗುತ್ತಿಲ್ಲವಂತೆ. ನನಗೆ ಹೇಳಿರಲಿಲ್ಲ.

ಮಾರ್ಚ್ ೧೫, ಶನಿವಾರ

ಫಲಿತಾಂಶ ಬಂತು. ಡಾ. ಸುಶ್ಮಿತಾ ಎರಡು ಹಾಳೆ ಪಕ್ಕಪಕ್ಕ ಇಟ್ಟು ಕನ್ನಡಕ ಸರಿಮಾಡಿಕೊಂಡರು.

"ಇಬ್ಬರೂ ಒಂದ ಬೋಗುಣಿ ಖಾರ ತಿಂದೇವಿ ಅಂದ್ರಿ?"

"ಹೂಂರಿ."

"ರಕ್ತದಾಗ ಸೀಸ ಐದರ ಒಳಗ ಇರಬೇಕು, ನಿಮ್ಮದು ಎರಡನ್ನೂ ದಾಟಿಲ್ಲ. ಊರಾಗ ಯಾರಿಗೆ ತೆಗದ್ರೂ ಇಷ್ಟ ಇರತೈತಿ. ಕೂಸಿಗೆ ಏನೂ ಹೆದರಿಕಿ ಇಲ್ಲ." ಆಮೇಲೆ ಇನ್ನೊಂದು ಹಾಳೆಯ ಮೇಲೆ ಬೆರಳಿಟ್ಟರು. "ನಿಮ್ಮ ಅತ್ತೀದು ನಲವತ್ತೊಂದು."

ಒಂಬತ್ತು ದಿನದಿಂದ ಕಾಯುತ್ತಿದ್ದ ಮಾತು ಕೇಳಿದೆ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಓಡಿದಂತೆ ಮನೆಗೆ ಬಂದೆ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆನೆಂದು ಈಗ ನೆನಪಾಗುತ್ತಿದೆ.

ಅತ್ತೆ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಹಾಳೆಯನ್ನು ಮುಂದಿಟ್ಟು ಎಲ್ಲ ಹೇಳಿಬಿಟ್ಟೆ. ಸೀಸ, ಹುಳಿ, ಸಿಹಿ, ನಲವತ್ತೊಂದು. ಮೊರ ಕೆಳಗಿಟ್ಟಳು.

"ನಿನ್ನ ಕೂಸು?"

"ಛಲೋ ಐತಿ. ನನಗ ಏನೂ ಆಗಿಲ್ಲ. ಯಾಕ ಆಗಿಲ್ಲ ಅಂತ ಡಾಕ್ಟರಿಗೂ ತಿಳೀವಲ್ಲದು."

"ನಿನಗ ಯಾಕ ಆಕ್ಕೈತಿ? ಅದರಾಗಿಂದ ನಿನಗ ಯಾವತ್ತ ಬಡಿಸೇನಿ? ನೀ ತಿಂದಿದ್ದು ಗಾಜಿನ ಬಾಟಲಿ ಖಾರ."

"ಮತ್ತ ಸಿಹಿ ಇತ್ತಲ್ಲ?"

"ಸಿಹಿ ಸಿಹಿ ಅಂತ ನನ್ನ ಬೆನ್ನ ಹತ್ತಿದ್ದೆಲ್ಲ. ಒಂಚೂರು ಬೆಲ್ಲ ಹಾಕಿದ್ದೆ."

ನನ್ನ ಪ್ರಬಂಧದ ಮೊದಲ ಸಾಲು! ನಗು ಬಂತು, ಬಂದ ನಗು ಅಳುವಾಯಿತು. ಆಕೆ ನನ್ನ ಅಳು ನಿಲ್ಲುವವರೆಗೆ ಕಾದಳು. ಆಮೇಲೆ ನನ್ನ ಕಡೆ ನೋಡದೆ, ಮೊರದ ಜೋಳದಲ್ಲಿ ಬೆರಳಾಡಿಸುತ್ತ ಹೇಳಿದಳು.

"ನಮ್ಮತ್ತಿ ಬಸುರಿ ಬಾಯಿಗೆ ಸಿಹಿ ಖಾರ ಹಿತ ಅಂತ ದಿನಾ ಅದರಾಗಿಂದ ಬಡಸತಿದ್ರು. ಒಂದು ಐದಕ್ಕ ಹೋತು, ಒಂದು ಆರಕ್ಕ. ಮೂರನೇದು ಹುಟ್ಟಿ ಒಂದ ದಿನ ಇತ್ತು. ಹೆಣ್ಣು. ನಾಲ್ಕನೇದಕ್ಕ ಯಾರಿಗೂ ಹೇಳದ ಮೇಡ್ಲೇರಿಗೆ ಓಡಿಹೋದೆ, ಹಡಿಯೂತನಾ ಬರಲಿಲ್ಲ. ಅಲ್ಲಿ ನಮ್ಮವ್ವನ ಗಡಿಗಿ ಖಾರ ತಿಂದೆ. ಬರೇ ಖಾರ, ಸಿಹಿ ಇಲ್ಲ. ಯಲ್ಲೇಶ ಉಳದ. ಆವತ್ತ ತಿಳೀತು ನನಗ."

"ಯಾರಿಗೂ ಹೇಳಲಿಲ್ಲೇನು?"

"ಯಾರು ಕೇಳವ್ರು? ತನ್ನ ಹೊಟ್ಟಿ ದೋಷ ಬೋಗುಣಿ ಮ್ಯಾಲೆ ಹಾಕ್ತಾಳ ಅಂತಿದ್ರು. ಸೀಳು ಬಿಟ್ಟೈತಿ ಅಂತ ಸುಳ್ಳು ಹೇಳಿ ಅಟ್ಟಕ್ಕ ಏರಿಸಿದೆ. ಹಿರೇರ ವಸ್ತು, ಒಡ್ಯಾಕ ಧೈರ್ಯ ಆಗಲಿಲ್ಲ."

"ನನಗರ ಹೇಳಬೇಕಿತ್ತಲ್ಲ!"

"ಬಸುರಿ ಮುಂದ ಕೂಸು ಹೋದ ಮಾತು ಆಡತಾರೇನ ಹುಚ್ಚೀ?"

ಜನವರಿಯಲ್ಲಿ ಆಕೆ ನನ್ನ ಹೊಟ್ಟೆಯ ಕಡೆ ನೋಡಿ ಎದ್ದುಹೋದದ್ದು ನೆನಪಾಯಿತು. ಅದೇ ಉತ್ತರವಾಗಿತ್ತು. ನಾನು ಸ್ಟೀಲ್ ಪಾತ್ರೆ ಎಂದು ಬರೆದುಕೊಂಡೆ.

"ಮತ್ತ ನೀ ಯಾಕ ತಿಂದಿ ಅವ್ವಾ? ಗೊತ್ತಿದ್ದೂ ಯಾಕ ತಿಂದಿ?"

"ಖಾರ ಇಳೀಬೇಕು, ಫೋಟೋದಾಗ ಕಾಣಬೇಕು ಅಂತಿದ್ದಿ. ಚೆಲ್ಲಿದ್ರ ನಿನ್ನ ಓದು ಸುಳ್ಳ ಆಕ್ಕಿತ್ತಲ್ಲ. ನನಗೇನು, ಹೊಟ್ಯಾಗ ಕೂಸು ಐತೇನು? ಮುದುಕಿಗೇನ ಆಕ್ಕೈತಿ ಅಂದಕೊಂಡೆ."

ನನ್ನ ಐದು ಫೋಟೋ. ವಾರವಾರಕ್ಕೆ ಇಳಿದದ್ದು ಅವಳ ಮೈಗೆ ಇಳಿದದ್ದು.

ಸೋಮವಾರ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ತಿನ್ನುವುದು ನಿಂತಿದೆ, ಔಷಧಿ ಇದೆ, ಇಳಿಯುತ್ತದೆ ಎಂದಿದ್ದಾರೆ ಡಾಕ್ಟರು. ಇಳಿಯದಿದ್ದರೆ? ಕೈಯ ಜೋಮು ಹೋಗದಿದ್ದರೆ? ಅವಳಿಲ್ಲದೆ ಈ ಕೂಸನ್ನು ನಾನೊಬ್ಬಳೇ ಹೇಗೆ ಎತ್ತಿಕೊಳ್ಳಲಿ?

ಮಾರ್ಚ್ ೧೬, ರವಿವಾರ

ಇವತ್ತು ರೊಟ್ಟಿ ನಾನೇ ತಟ್ಟಿದೆ. ಒಂದೂ ದುಂಡಗೆ ಬರಲಿಲ್ಲ. ಅವ್ವ ಪಕ್ಕದಲ್ಲಿ ಕೂತು, "ಇದು ಯಾವ ದೇಶದ ನಕ್ಷೆ" ಎಂದು ಪ್ರತಿಯೊಂದಕ್ಕೂ ಕೇಳಿದಳು. ಯಲ್ಲೇಶ ಬಂದಿದ್ದಾನೆ, ಅವಳ ಹೊಟ್ಟೆಗೆ ಎಣ್ಣೆ ತಿಕ್ಕಿದ. ಮಿಸುಕಿದ್ದನ್ನು ಎಷ್ಟು ಸಲ ಎಂದು ಇವತ್ತು ಎಣಿಸಲು ಮರೆತೆ. ಅವ್ವ ಎಷ್ಟು ಊಟ ಮಾಡಿದಳು, ಎಷ್ಟು ನೀರು ಕುಡಿದಳು ಎಂದು ಬರೆದಿಟ್ಟಿದ್ದೇನೆ.

ಊಟವಾದ ಮೇಲೆ ವೆರೆನಾ ಅವರ ಫಾರ್ಮು ತೆಗೆದೆ. ಪ್ರಬಂಧ ವಾಪಸು ತೆಗೆದುಕೊಳ್ಳುತ್ತೇನೆ, ಆದರೆ ಪಟ್ಟಿಯಲ್ಲಿ ಸುಳ್ಳು ಉಳಿಯಬಾರದು. ಹನ್ನೊಂದನೇ ಕಾಲಂನಲ್ಲಿ "ಸ್ಟೀಲ್ ಪಾತ್ರೆ ಬಂದ ಮೇಲೆ" ಎಂಬುದನ್ನು ಹೊಡೆದುಹಾಕಿ, "ಅವ್ವಾ, ಈಗ ಹೇಳು" ಎಂದೆ. ಹೊಟ್ಟೆಯ ಕಡೆ ನೋಡಿದಳು. "ಇರಲಿ, ಇದೂ ಕೇಳಲಿ" ಎಂದೆ. 

ಅವ್ವ ಹೇಳಿದಳು, ನಾನು ಅವಳ ಮಾತಿನಲ್ಲೇ ಬರೆದೆ. ಐದು ತಿಂಗಳದ್ದು. ಆರು ತಿಂಗಳದ್ದು. ಒಂದು ದಿನ ಇದ್ದದ್ದು. ಅದಕ್ಕೆ ಹೆಸರಿಟ್ಟಿದ್ದಳಂತೆ, ಮನಸ್ಸಿನಲ್ಲೇ, ದುರ್ಗಾ ಅಂತ. ಯಾರಿಗೂ ಹೇಳಿರಲಿಲ್ಲ, ಯಲ್ಲೇಶನಿಗೂ. ಅವನು ಎದ್ದು ಅಂಗಳಕ್ಕೆ ಹೋದ. ಕಾಲಂ ಸಾಲಲಿಲ್ಲ, ಹಾಳೆಯ ಹಿಂಬದಿಗೆ ಮುಂದುವರಿಸಿದೆ.

ಬರೆದದ್ದನ್ನು ಓದಿ ಹೇಳಿದೆ. ಅವ್ವ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಕೇಳಿದಳು, "ನಿನಗ ಬರಿಯೋ ಆ ಬಾಯಾರ ಊರಾಗ ಇಂಥಾ ಬೋಗುಣಿ ಭಾಳ ಅದಾವೇನು?"

"ಸಾವಿರಾರು ಅದಾವ. ಎಲ್ಲಾ ಬರದಿಟ್ಟಾರ. ಯಾವ ಊರಿಂದು, ಯಾವ ಇಸವಿ, ಹೂವು ಎಂಥಾದು, ಎಲ್ಲಾ."

"ಅಲ್ಲೀ ಹೆಣ್ಣಮಕ್ಕಳೂ ಯಾರರ ಅದರಾಗ ಹುಳಿ ಇಟ್ಟಿರತಾರ" ಅಂದಳು ಅವ್ವ. "ಅವರ ಕೂಸುಗಳನ್ನ ಯಾರರ ಬರದಿಟ್ಟಾರೇನು ಕೇಳು."

ಅದನ್ನೇ ಕೇಳಿ ವೆರೆನಾ ಅವರಿಗೆ ಮೇಲ್ ಬರೆಯುತ್ತಿದ್ದೇನೆ. ಅವ್ವ ಪಕ್ಕದಲ್ಲೇ ಇದ್ದಾಳೆ, ಜೋಮು ಹಿಡಿದ ಕೈಯನ್ನು ನನ್ನ ಹೊಟ್ಟೆಯ ಮೇಲಿಟ್ಟುಕೊಂಡು. ಕಳಿಸಿದಿಯೇನು ಎಂದು ಎರಡು ಸಲ ಕೇಳಿದಳು.